ನಲವತ್ತೊಂದನೆಯ ಪ್ರಶ್ನೆ

“ಎಂಜಲು ಅಂದ್ರೆ ಎಂಜಲೇ ಕಣ್ರೀ. ಅದ್ರಲ್ಲಿ ಅರ್ಧ ಎಂಜಲು, ಕಾಲು ಎಂಜಲು ಅಂತ ಬೇರೆ ಇರತ್ತಾ?”

ಅಡಿಗೆಯ ವೆಂಕಟಲಕ್ಷ್ಮಮ್ಮನವರು ಸೌಟು ಎತ್ತಿ ಹಿಡಿದು ಕೇಳಿದರು. ಹೊಸ್ತಿಲಾಚೆ ಮಣೆಯ ಮೇಲೆ ಕೂತಿದ್ದ ಗಂಗಾಧರಯ್ಯನವರು ಅರ್ಧ ತೆರೆದಿದ್ದ ನಶ್ಯದ ಡಬ್ಬಿಯನ್ನು ಮುಚ್ಚಿ ಮೆಲ್ಲಗೆ ಜೇಬಿಗಿಳಿಸಿದರು. ಮಡಿಯಲ್ಲಿರುವ ಹೆಂಗಸಿನ ಮುಂದೆ ಒಂದು ಸೀನು ಬಂದರೂ ವಿಚಾರಣೆ ಅಲ್ಲಿಗೇ ಮುಗಿಯುತ್ತದೆ. ಸಿ.ಐ.ಡಿ.ಯಲ್ಲಿ ತಲೆ ನರೆಸಿಕೊಂಡು ನಿವೃತ್ತರಾದ ಮನುಷ್ಯನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ರಾಜಾಜಿನಗರದ ಈ ಮನೆಯ ತಾರಸಿಯಿಂದ ಅತ್ತಿಗುಪ್ಪೆಯ ಕೃಷ್ಣಪ್ಪ ಬಿದ್ದು ಸತ್ತು ವಾರವಾಗಿತ್ತು. ‘ತಳ್ಳಿದವನು ನಾನೇ ಇರಬೇಕು, ಆಗ ನನಗೆ ಬುದ್ಧಿ ಸ್ವಾಧೀನದಲ್ಲಿರಲಿಲ್ಲ’ ಎಂದು ಒಪ್ಪಿಕೊಂಡ ನಾಣಿ ಲಾಕಪ್ಪಿನಲ್ಲಿದ್ದ. ಸೋಮವಾರ ಅವನನ್ನು ಕೋರ್ಟಿಗೆ ಹಾಜರುಪಡಿಸುವವರಿದ್ದರು.

“ಯಾವ ಲೋಟ ಎಂಜಲಾಗಿತ್ತು ತಾಯಿ?”

“ಎರಡೂ!”

“ಎರಡೂ ಅಂದ್ರೆ?”

“ನಾಣೀದೂ, ಆ ಗೌಡರ ಹುಡುಗ ಕೃಷ್ಣಪ್ಪಂದೂ. ಕೃಷ್ಣಪ್ಪಂದು ಬಿಡಿ, ಯಾವಾಗ್ಲೂ ಹಾಗೇನೆ. ಬಾಯ್ತುಂಬ ಎಲೆಅಡಿಕೆ, ಅದೇ ಬಾಯಲ್ಲಿ ಲೋಟ ಕಚ್ಚಿ ಕುಡಿಯೋದು. ಆ ಲೋಟಾನ ನಾನು ಮುಟ್ಟೋದೇ ಇಲ್ಲ, ಹಿತ್ತಲಲ್ಲಿ ಬೋರಮ್ಮ ಉಜ್ಜುತಾಳೆ. ಆದ್ರೆ ನಾಣಿ ಅಂಥವನಲ್ಲ. ಹುಟ್ಟಿದಾಗಿಂದ ಒಂದು ಗುಟುಕು ನೀರು ಕೂಡ ಕಚ್ಚಿ ಕುಡಿದವನಲ್ಲ, ಎತ್ತಿಕೊಂಡೇ ಕುಡಿಯೋದು. ಇಲ್ಲಿಗೂ ಮನೆಯಿಂದ ತನ್ನ ಲೋಟ ತಂದಿಟ್ಟಿದ್ದ. ಪಾಪ, ಸತ್ತುಹೋದ ಅವರಮ್ಮನ ಹೆಸರು ಕೊರೆಸಿರೋ ಲೋಟ. ಅದರ ಅಂಚಿಗೆ ಎಲೆಅಡಿಕೆ ಕೆಂಪು ಮೆತ್ತಿತ್ತು ಅಂದ್ರೆ ನನಗೆ ಹೇಗಾಗಿರಬೇಡ, ಹೇಳಿ!”

“ನಾಣಿ ಎಲೆಅಡಿಕೆ ಹಾಕ್ತಾನಾ?”

“ಶಿವಶಿವಾ! ಮದುವೆ ಆಗದ ಹುಡುಗ ಎಲೆಅಡಿಕೆ ಹಾಕೋದಾ?”

“ಆ ಕೆಂಪು ನೀವೇ ಕಣ್ಣಾರೆ ನೋಡಿದ್ದಾ?”

“ನೋಡಿದೆ, ಎರಡು ದಿನ ಅದೇ ಸಂಕಟ. ಬೋರಮ್ಮನ ಕೈಲಿ ಬೂದಿ, ಹುಣಸೇಹಣ್ಣು ಹಾಕಿ ಉಜ್ಜಿಸಿ ಒಳಗೆ ತಗೊಂಡೆ.”

ಗಂಗಾಧರಯ್ಯನವರು ಹಣೆ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ಇಡೀ ಬೆಂಗಳೂರಿನಲ್ಲಿ ಉಳಿದಿದ್ದ ಒಂದೇ ಒಂದು ಸಾಕ್ಷಿಯನ್ನು ಹುಣಸೇಹಣ್ಣು ಹಾಕಿ ಉಜ್ಜಿ, ತೊಳೆದು, ಬೋರಲು ಹಾಕಿಯಾಗಿತ್ತು.

“ಪೋಲೀಸರಿಗೆ ಇದನ್ನ ಯಾಕೆ ಹೇಳಲಿಲ್ಲ?”

“ಅವರು ಕೇಳಿದ್ರಾ? ಪಾನಕಕ್ಕೆ ಏನೇನು ಹಾಕಿದ್ರಿ ಅಂದ್ರು. ಬೆಲ್ಲ, ನಿಂಬೆಹಣ್ಣು, ಏಲಕ್ಕಿ ಅಂದೆ. ಬರ್ಕೊಂಡು ಹೋದ್ರು.” ವೆಂಕಟಲಕ್ಷ್ಮಮ್ಮ ಒಲೆಯ ಕಡೆ ತಿರುಗಿದವರು ಮತ್ತೆ ಈಚೆ ತಿರುಗಿದರು. “ಆ ಹುಡುಗ ಅವತ್ತು ಬಂದವನೇ ನನಗೆ ಹೇಳಿದ್ದ ಕಣ್ರೀ. ‘ಅಮ್ಮಾ, ಇದೇ ಕೊನೆ ಶುಕ್ರವಾರ, ಇನ್ನು ನಾನು ಬರಾಕಿಲ್ಲ. ಡಾಕ್ಟ್ರಿಗೂ ಹೇಳ್ಬಿಟ್ಟಿವ್ನಿ’ ಅಂತ. ಬಾಯಿಗೆ ಬಂದದ್ದು ಹಾಗೇ ಆಗಿಹೋಯ್ತು ನೋಡಿ.”

ಇದು ಗಂಗಾಧರಯ್ಯನವರಿಗೆ ಹೊಸ ಸುದ್ದಿ.

ಮಹಡಿಯ ಮೆಟ್ಟಿಲ ಬುಡದಲ್ಲಿ ಅವರು ಸ್ವಲ್ಪ ಹೊತ್ತು ನಿಂತರು. ಈ ಮನೆಗೆ ಡಾಕ್ಟರ್ ಚಕ್ರಪಾಣಿ ಇಟ್ಟಿದ್ದ ಹೆಸರು ‘ಚಿತ್ತ ಸಂಶೋಧನಾ ಮಂದಿರ’. ಪರದೇಶದಲ್ಲಿ ಓದಿ ಬಂದ ಡಾಕ್ಟರು ಅಲ್ಲಿಂದ ಒಂದು ಔಷಧ ತಂದಿದ್ದರು. ಅದರ ಕೆಲವು ತೊಟ್ಟು ಹೊಟ್ಟೆಗೆ ಹೋದರೆ ಸಾಕು, ಮನುಷ್ಯ ಕೂತಲ್ಲೇ ಕೂತಿರುತ್ತಾನೆ, ಬುದ್ಧಿ ಮಾತ್ರ ಅರ್ಧ ದಿನ ಎಲ್ಲೆಲ್ಲೋ ತಿರುಗಿಕೊಂಡು ಬರುತ್ತದೆ. ಎಲ್ಲಿಗೆ ಹೋಗಿತ್ತು, ಎಷ್ಟು ದೂರ ಹೋಗಿತ್ತು ಅಂತ ಅಳೆಯಬೇಕಲ್ಲ? ಬುದ್ಧಿಯನ್ನು ಅಳೆಯುವುದಕ್ಕೆ ಸೇರು, ಪಾವು ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಅದಕ್ಕೇ ಡಾಕ್ಟರು ನಲವತ್ತು ಪ್ರಶ್ನೆಗಳ ಒಂದು ಹಾಳೆ ಮಾಡಿದ್ದರು. ಪ್ರತಿಯೊಂದಕ್ಕೂ ಹೌದು ಅಥವಾ ಇಲ್ಲ, ಅಷ್ಟೇ ಉತ್ತರ.

ಶುಕ್ರವಾರಕ್ಕೆ ಇಬ್ಬರು ಬರುತ್ತಿದ್ದರು. ಎರಡು ಲೋಟ ಪಾನಕ. ಒಂದರಲ್ಲಿ ಔಷಧ, ಇನ್ನೊಂದರಲ್ಲಿ ಬರೀ ಪಾನಕ. ಯಾರ ಲೋಟಕ್ಕೆ ಔಷಧ ಬಿತ್ತು ಎಂಬುದನ್ನು ಡಾಕ್ಟರು ಚೀಟಿಯಲ್ಲಿ ಬರೆದು ಕವರಿನೊಳಗೆ ಅಂಟಿಸಿಡುತ್ತಿದ್ದರು. ಕುಡಿದವರಿಗೂ ಗೊತ್ತಿಲ್ಲ, ಪ್ರಶ್ನೆ ಕೇಳುವವಳಿಗೂ ಗೊತ್ತಿಲ್ಲ. ಕೇಳುವ ಕೆಲಸ ನಾಣಿಯ ಅಕ್ಕ ಕೋಕಿಲಾಳದು. ತಮ್ಮನನ್ನು ಇಲ್ಲಿಗೆ ಕರೆತಂದವಳೂ ಅವಳೇ.

ಅದೇ ಕೋಕಿಲಾ ಈ ವಾರ ಗಂಗಾಧರಯ್ಯನವರ ಮನೆಯ ಜಗುಲಿಯಲ್ಲಿ ಕೂತು ಅತ್ತಿದ್ದಳು. ‘ನಾಣಿಗೆ ಔಷಧ ಕುಡಿಸಿದ್ರು ಸಾರ್. ಮೈಮೇಲೆ ಪ್ರಜ್ಞೆ ಇಲ್ಲದವನು ಮಾಡಿದ್ದಕ್ಕೆ ಗಲ್ಲು ಇಲ್ಲ ಅಂತ ಲಾಯರು ಹೇಳಿದಾರೆ. ಅವನು ಕೊಟ್ಟ ಉತ್ತರದ ಅಸಲು ಹಾಳೆ ಡಾಕ್ಟ್ರ ಹತ್ರ ಇದೆ, ಹೇಗಾದ್ರೂ ಮಾಡಿ ತೆಗೆಸಿಕೊಡಿ’ ಎಂದಿದ್ದಳು. ಅನಂತಲಕ್ಷ್ಮಿ, ಅಂದರೆ ಗಂಗಾಧರಯ್ಯನವರ ಧರ್ಮಪತ್ನಿ, ಒಳಗಿನಿಂದಲೇ ‘ತೆಗೆಸಿಕೊಡ್ತಾರೆ ಬಿಡಮ್ಮ’ ಎಂದು ಮಾತು ಕೊಟ್ಟುಬಿಟ್ಟಿದ್ದರು. ಆಮೇಲೆ ಗಂಡನಿಗೆ ಹೇಳಲು ಉಳಿದಿದ್ದಾದರೂ ಏನು?

ಈಗ ನೋಡಿದರೆ ಲೋಟ ಬೇರೆ ಕತೆ ಹೇಳುತ್ತಿತ್ತು. ನಾಣಿಯ ಲೋಟದ ಅಂಚಿನಲ್ಲೂ ಕೃಷ್ಣಪ್ಪನ ಬಾಯಿಯ ಕೆಂಪು. ಅಂದರೆ ಎರಡೂ ಲೋಟ ಕುಡಿದವನು ಕೃಷ್ಣಪ್ಪ. ನಾಣಿಯ ಹೊಟ್ಟೆಗೆ ಔಷಧ ಹೋಗಲೇ ಇಲ್ಲ. ಅವನ ಬುದ್ಧಿ ಅವತ್ತು ಅವನ ಹತ್ತಿರವೇ ಇತ್ತು.

ಬುದ್ಧಿ ನೆಟ್ಟಗಿದ್ದವನು ತಾರಸಿಯಿಂದ ಒಬ್ಬನನ್ನು ತಳ್ಳಿದರೆ ಅದಕ್ಕೆ ಕೊಲೆ ಎಂದೇ ಹೆಸರು. ಆ ಹುಡುಗಿಯ ತಮ್ಮನನ್ನು ಉಳಿಸಲು ಹೊರಟು ತಾನೇ ಅವನ ಕುತ್ತಿಗೆಗೆ ಹಗ್ಗ ಹೊಸೆಯುತ್ತಿದ್ದೇನೆ ಅನ್ನಿಸಿತು ಗಂಗಾಧರಯ್ಯನವರಿಗೆ. ಆದರೂ ಮೆಟ್ಟಿಲು ಹತ್ತಿದರು.

ಡಾಕ್ಟರ್ ಚಕ್ರಪಾಣಿ ಮೇಜಿನ ಹಿಂದೆ ಕೂತಿದ್ದರು. ತೆಳ್ಳನೆಯ ಮನುಷ್ಯ, ಚಿನ್ನದ ಕಟ್ಟಿನ ಕನ್ನಡಕ. ಮನೆಯಲ್ಲಿ ಸಾವಾಗಿ ಒಂದು ವಾರ ಕಳೆದಿದ್ದರೂ ಮುಖದಲ್ಲಿ ನಿದ್ದೆಗೆಟ್ಟ ಗುರುತಿರಲಿಲ್ಲ. ಗಂಗಾಧರಯ್ಯನವರಿಗೆ ಈ ಮನುಷ್ಯ ಮೊದಲ ದಿನದಿಂದಲೂ ಹಿಡಿಸಿರಲಿಲ್ಲ.

“ಬನ್ನಿ, ಗಂಗಾಧರಯ್ಯನವರೇ. ಅಡಿಗೆಮನೆ ವಿಚಾರಣೆ ಮುಗೀತೇ?” ಎಂದು ನಕ್ಕರು ಡಾಕ್ಟರು.

“ಮುಗೀತು. ಪಾನಕಕ್ಕೆ ಏಲಕ್ಕಿ ಹಾಕ್ತಾರಂತೆ. ಹಾಳೆ ಕೊಡ್ತೀರಾ?”

ಡಾಕ್ಟರು ಬೀರುವಿನ ಬೀಗ ತೆಗೆದು ಎರಡು ಹಾಳೆ ಈಚೆಗಿಟ್ಟರು. ಪೋಲೀಸರು ನಕಲು ಮಾಡಿಕೊಂಡು ಅಸಲನ್ನು ಅವರಿಗೇ ಬಿಟ್ಟುಹೋಗಿದ್ದರು. ಒಂದು ನಾಣಿಯದು, ಇನ್ನೊಂದು ಕೃಷ್ಣಪ್ಪನದು. ಎರಡರಲ್ಲೂ ಕೋಕಿಲಾಳ ದುಂಡನೆಯ ಅಕ್ಷರ.

ಗಂಗಾಧರಯ್ಯನವರು ಕನ್ನಡಕ ಏರಿಸಿ ಮೊದಲಿಂದ ಕೊನೆಯವರೆಗೂ ಓದಿದರು. ಮೈ ಹಗುರವಾದಂತೆ ಇದೆಯೇ? ಗೋಡೆಗಳು ಉಸಿರಾಡುವಂತೆ ಕಾಣುತ್ತಿವೆಯೇ? ಹೊತ್ತು ನಿಂತುಹೋದಂತೆ ಇದೆಯೇ? ಕೈ ನನ್ನದಲ್ಲ ಅನ್ನಿಸುತ್ತಿದೆಯೇ? ಸದ್ದಿಗೆ ಬಣ್ಣ ಬಂದಿದೆಯೇ? ನಡುನಡುವೆ ಅಡ್ಡಾದಿಡ್ಡಿ ಪ್ರಶ್ನೆಗಳೂ ಇದ್ದವು. ಬಾಯಲ್ಲಿ ಬೇವಿನ ಕಹಿ ಬಂದಿದೆಯೇ? ಎಡಗಾಲು ಮಾತ್ರ ಬಿಸಿಯಾಗಿದೆಯೇ?

“ಈ ಬೇವು, ಎಡಗಾಲು ಯಾಕೆ?”

ಡಾಕ್ಟರ ಮುಖ ಅರಳಿತು. “ಅದೇ ನೋಡಿ ನನ್ನ ಜಾಣತನ! ನಮ್ಮ ಜನ ಬಹಳ ಒಳ್ಳೆಯವರು. ಓದಿದವರು ಏನಾದ್ರೂ ಕೇಳಿದ್ರೆ ಇಲ್ಲ ಅನ್ನೋದು ಮರ್ಯಾದೆ ಅಲ್ಲ ಅಂತ ಎಲ್ಲದಕ್ಕೂ ಹೌದು ಅಂದುಬಿಡ್ತಾರೆ. ಮೂಡಲಪಾಳ್ಯದ ಒಬ್ಬ ಯಜಮಾನರು ಬರೀ ಪಾನಕ ಕುಡಿದು ನಲವತ್ತಕ್ಕೂ ಹೌದು ಅಂದ್ರು. ಎದ್ದು ಹೋಗುವಾಗ ‘ಇನ್ನೇನಾದ್ರೂ ಹೌದು ಅನ್ಬೇಕಿತ್ತಾ ಬುದ್ಧೀ?’ ಅಂತ ಬೇರೆ ಕೇಳಿದ್ರು. ಅದಕ್ಕೇ ಈ ಸುಳ್ಳುಪ್ರಶ್ನೆ ಸೇರಿಸಿದೆ. ನನ್ನ ಔಷಧದಿಂದ ಯಾರಿಗೂ ಬಾಯಿ ಕಹಿಯಾಗಲ್ಲ, ಕಾಲು ಬಿಸಿಯಾಗಲ್ಲ. ಅದಕ್ಕೆ ಹೌದು ಅಂದವನು ನಾಟಕ ಆಡ್ತಾ ಇದಾನೆ ಅಂತ ಅರ್ಥ.”

“ನಾಣಿ?”

“ನಾಣಿ ಹಾಳೆ ನೋಡಿ! ನಿಜವಾದ ಪ್ರಶ್ನೆಗೆಲ್ಲ ಹೌದು, ಸುಳ್ಳುಪ್ರಶ್ನೆಗೆಲ್ಲ ಇಲ್ಲ. ಈ ಒಂದು ವರ್ಷದಲ್ಲಿ ನನಗೆ ಇಂಥ ಪರ್ಫೆಕ್ಟ್ ಹಾಳೆ ಸಿಕ್ಕಿರಲಿಲ್ಲ. ಕೃಷ್ಣಪ್ಪಂದು ನಲವತ್ತೂ ಇಲ್ಲ. ಅವನು ಕುಡಿದದ್ದು ಬರೀ ಪಾನಕ. ಕವರಿಗೂ ಹಾಳೆಗೂ ಕೂದಲೆಳೆಯಷ್ಟು ವ್ಯತ್ಯಾಸ ಇಲ್ಲ. ಇವೆರಡೂ ವಿದೇಶದ ಪತ್ರಿಕೆಗೆ ಹೋಗ್ತಾವೆ.”

ಸತ್ತವನ ಹಾಳೆಯನ್ನು ಕೈಯಲ್ಲಿ ಹಿಡಿದು ಹಿಗ್ಗುತ್ತಿದ್ದ ಈ ಮನುಷ್ಯನನ್ನು ಕಂಡು ಗಂಗಾಧರಯ್ಯನವರ ಮೈ ಉರಿಯಿತು.

“ಯಾವುದು ಸುಳ್ಳುಪ್ರಶ್ನೆ ಅಂತ ಬೇರೆ ಯಾರಿಗೆ ಗೊತ್ತು?”

“ನನ್ನೊಬ್ಬನಿಗೆ.”

“ಕೋಕಿಲಾಗೆ?”

“ಹೇಳಿಲ್ಲ.”

“ನೀವು ಹೇಳಿಲ್ಲ, ಸರಿ. ವರ್ಷದಿಂದ ಅದೇ ಹಾಳೆ ಹಿಡಿದು ಕೇಳ್ತಾ ಇರೋಳಿಗೆ ತಾನಾಗಿ ಗೊತ್ತಾಗಲ್ವೇ?”

ಡಾಕ್ಟರು ಹಾಳೆಯ ಕಡೆ ನೋಡಿದರು. ಆ ಮಾತು ಅವರಿಗೆ ಈಗಷ್ಟೇ ಹೊಳೆದಂತಿತ್ತು. ಅಥವಾ ಹಾಗೆ ನಟಿಸಿದರು.

“ಮೊದಲು ಕವರೋ, ಮೊದಲು ಹಾಳೆಯೋ?”

“ಅಂದ್ರೆ?”

“ಅವತ್ತು ಇನ್ಸ್‌ಪೆಕ್ಟರ ಮುಂದೆ ಮೊದಲು ಈಚೆ ಬಂದದ್ದು ಯಾವುದು ಅಂದೆ.”

“ಕವರ್. ಅವರ ಎದುರಿಗೇ ಒಡೆದೆ, ನಾಣಿ ಹೆಸರಿತ್ತು. ಅವರು ಪಂಚನಾಮೆಗೆ ಹಿತ್ತಲಿಗೆ ಹೋದ್ರು. ಬಂದ ಮೇಲೆ ಕೋಕಿಲಾ ಹಾಳೆ ತಂದುಕೊಟ್ಟಳು.”

“ಹೂಂ. ಕೃಷ್ಣಪ್ಪ ಪಾನಕ ಕುಡಿದದ್ದನ್ನ ನೀವು ನೋಡಿದ್ರಾ?”

ಡಾಕ್ಟರು ಕನ್ನಡಕ ತೆಗೆದರು. ಪಂಚೆಯ ಅಂಚಿನಿಂದ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

“ಇಲ್ಲ. ಲೋಟ ಕಳಿಸಿ ನಾನು ಈ ರೂಮಿಗೆ ಬಂದು ಬಾಗಿಲು ಹಾಕ್ಕೋತೀನಿ. ನಾನು ನೋಡಬಾರದು. ಅದು ನಿಯಮ.”

“ಅವನು ಇನ್ನು ಬರಲ್ಲ ಅಂತ ನಿಮಗೆ ಹೇಳಿದ್ದನಂತೆ?”

“ಯಾರು, ಕೃಷ್ಣಪ್ಪನೇ? ನನಗೇನೂ ಹೇಳಿಲ್ಲ.” ಈ ಸಲ ಮಾತು ಬೇಗ ಬಂತು. ಪ್ರಶ್ನೆ ಮುಗಿಯುವ ಮುಂಚೆಯೇ ಬಂದಂತಿತ್ತು.

ಗಂಗಾಧರಯ್ಯನವರು ಎರಡೂ ಹಾಳೆ ಮಡಿಸಿ ಜೇಬಿಗಿಟ್ಟು ಎದ್ದರು. ನಾಡಿದ್ದು ವಾಪಸ್ ಬೇಕು ಎಂದು ಡಾಕ್ಟರು ಹಿಂದಿನಿಂದ ಕೂಗಿದ್ದು ಕೇಳಿಸಿತು. ಕೇಳಿಸದವರಂತೆ ಮೆಟ್ಟಿಲಿಳಿದರು.

ಮಧ್ಯಾಹ್ನದ ಬಿಸಿಲು ಚುರುಗುಟ್ಟುತ್ತಿತ್ತು. ಬಡಾವಣೆ ಅಂತ ಹೆಸರು ಬಂದಿದ್ದರೂ ಇನ್ನೂ ನಾಲ್ಕು ಮನೆಗೊಂದು ಖಾಲಿ ಸೈಟು, ಸೈಟಿನ ತುಂಬ ಲಂಟಾನ ಮೆಳೆ. ಕೆಮ್ಮಣ್ಣಿನ ರಸ್ತೆಯ ಆ ತುದಿಯಲ್ಲಿ ಕಾರ್ಖಾನೆಯ ಸೈರನ್ನು ಕೂಗಿ ಸುಮ್ಮನಾಯಿತು. ಗಂಗಾಧರಯ್ಯನವರು ಕೊಡೆ ಬಿಚ್ಚಿ ನಡೆದರು.

ಡಾಕ್ಟರು ಸುಳ್ಳು ಹೇಳುತ್ತಿದ್ದಾರೆ, ಅದರಲ್ಲಿ ಅನುಮಾನವಿಲ್ಲ. ಎಷ್ಟು ಸುಳ್ಳು, ಯಾಕೆ ಸುಳ್ಳು, ಅದು ಗೊತ್ತಾಗಬೇಕು. ನಾಣಿಯೂ ಸುಳ್ಳು ಹೇಳಿದ್ದಾನೆ. ಕುಡಿಯದ ಔಷಧ ತಲೆಗೇರಿತು ಎಂದು ಪೋಲೀಸರ ಮುಂದೆ ಹೇಳಿದ್ದಾನೆ. ಹೋಗಲಿ, ಜೀವದಾಸೆ ಎಂದುಕೊಳ್ಳೋಣ. ಆದರೆ ಅಷ್ಟು ನಾಜೂಕಾಗಿ ನಲವತ್ತಕ್ಕೂ ತಪ್ಪಿಲ್ಲದ ಉತ್ತರ ಕೊಡುವುದನ್ನು ಅವನಿಗೆ ಹೇಳಿಕೊಟ್ಟವರು ಯಾರು?

ಖಾಲಿ ಸೈಟಿನ ಹೊಂಗೆಮರದ ಕೆಳಗೆ ಬಂದಾಗ ಅವರ ಕಾಲು ತಾನಾಗಿ ನಿಂತಿತು. ಜೇಬಿನಿಂದ ಹಾಳೆ ತೆಗೆದರು. ನಾಣಿಯದಲ್ಲ, ಕೃಷ್ಣಪ್ಪನದು.

“ಥೂ ನನ್ನ ಬುದ್ಧಿಗಿಷ್ಟು!” ಎಂದರು ಗಟ್ಟಿಯಾಗಿ. ಮರದ ಕೆಳಗೆ ಮಲಗಿದ್ದ ನಾಯಿ ಎದ್ದು ದೂರ ಹೋಯಿತು.

ಇಷ್ಟು ಹೊತ್ತೂ ಒಂದು ಹಾಳೆಯ ಬೆನ್ನು ಹತ್ತಿ ಇನ್ನೊಂದನ್ನು ಮರೆತೇಬಿಟ್ಟಿದ್ದರು. ಎರಡು ಲೋಟವನ್ನೂ ಕುಡಿದವನು ಕೃಷ್ಣಪ್ಪನಾದರೆ ಔಷಧ ಏರಿದ್ದು ಕೃಷ್ಣಪ್ಪನಿಗೆ. ಗೋಡೆ ಉಸಿರಾಡಿದ್ದು ಅವನಿಗೆ, ಮೈ ಹಗುರವಾದದ್ದು ಅವನಿಗೆ. ಅವನ ಹಾಳೆಯಲ್ಲಿ ಒಂದು ಹೌದಾದರೂ ಇರಬೇಕಿತ್ತು. ಮೇಲಿಂದ ಕೆಳಗಿನವರೆಗೂ ಬರೀ ಇಲ್ಲ, ಇಲ್ಲ, ಇಲ್ಲ. ಬರೆದದ್ದು ಕೋಕಿಲಾ.

ಗಂಗಾಧರಯ್ಯನವರಿಗೆ ಮುಂದೆ ಹೆಜ್ಜೆ ಇಡಲು ಮನಸ್ಸಾಗಲಿಲ್ಲ. ತನ್ನ ಜಗುಲಿಯಲ್ಲಿ ಕೂತು ಅತ್ತ ಹುಡುಗಿ. ಅನಂತಲಕ್ಷ್ಮಿ ತಲೆ ಸವರಿ, ಬಲವಂತ ಮಾಡಿ ಊಟ ಬಡಿಸಿದ ಹುಡುಗಿ.

ಕೋಕಿಲಾಳ ಬಾಡಿಗೆ ಮನೆ ಯಾರದೋ ದೊಡ್ಡ ಮನೆಯ ಹಿಂದಿನ ಔಟ್‌ಹೌಸು. ಅವಳು ಬಾಗಿಲಲ್ಲೇ ಕಾಯುತ್ತಿದ್ದಳು. ಇಪ್ಪತ್ತಾರರ ಹೆಣ್ಣು, ಈ ವಾರದಲ್ಲಿ ಮೂವತ್ತಾರಾದಂತೆ ಕಂಡಳು.

“ಸಿಕ್ತಾ ಸಾರ್?”

“ಸಿಕ್ತಮ್ಮ.”

“ದೇವರು ದೊಡ್ಡೋನು! ಕೂತ್ಕೊಳಿ, ಕಾಫಿ ತರ್ತೀನಿ. ಲಾಯರು ಹೇಳಿದಾರೆ ಸಾರ್, ಈ ಹಾಳೆ ಒಂದು ಜಡ್ಜ್ ಮುಂದಿಟ್ರೆ...”

“ಕಾಫಿ ಆಮೇಲಾಗಲಿ, ಬಾ ಇಲ್ಲಿ. ನಿನ್ನ ತಮ್ಮ ಆ ಪಾನಕ ಕುಡೀಲೇ ಇಲ್ಲ.”

ಸ್ಟೋವಿನ ಕಡೆ ಹೊರಟಿದ್ದ ಕೋಕಿಲಾ ಅಲ್ಲೇ ನಿಂತಳು.

“ಯಾರು ಹೇಳಿದ್ದು?” ಎಂದಳು.

ಏನೂ ಅರಿಯದವಳಾಗಿದ್ದರೆ ‘ಸುಳ್ಳು’ ಎಂದು ಕಿರುಚುತ್ತಿದ್ದಳು. ‘ಅಯ್ಯೋ’ ಎನ್ನುತ್ತಿದ್ದಳು. ಇವಳು ಕೇಳಿದ್ದು ಯಾರು ಹೇಳಿದರು ಅಂತ.

“ಯಾರಾದ್ರೂ ಹೇಳಲಿ. ಎರಡೂ ಲೋಟ ಕೃಷ್ಣಪ್ಪ ಕುಡಿದ. ಹೌದೋ ಅಲ್ವೋ?”

ಗಂಗಾಧರಯ್ಯನವರು ಜೇಬಿನಿಂದ ಒಂದು ಹಾಳೆ ತೆಗೆದು ಅವಳ ಮುಂದೆ ಹಿಡಿದರು.

“ಇದು ಕೃಷ್ಣಪ್ಪನ ಹಾಳೆ. ನೀನೇ ಬರೆದದ್ದು. ಔಷಧ ಕುಡಿದವನ ಬಾಯಲ್ಲಿ ಒಂದು ಹೌದೂ ಬರಲಿಲ್ವೇನಮ್ಮ?”

“ಆ ಔಷಧ ಎಲ್ಲರಿಗೂ ಹಿಡಿಯಲ್ಲ ಸಾರ್. ಕೆಲವರಿಗೆ ಏನೂ ಆಗಲ್ಲ.”

“ಓಹೋ! ಕುಡಿದ ಕೃಷ್ಣಪ್ಪನಿಗೆ ಹಿಡೀಲಿಲ್ಲ, ಕುಡೀದೇ ಇದ್ದ ನಾಣಿಗೆ ಹಿಡ್ಕೊಂಡುಬಿಡ್ತು. ಬಲೇ ಔಷಧ!”

ಅವಳು ಅಳಲಿಲ್ಲ. ಜಗುಲಿಯಲ್ಲಿ ಅಷ್ಟು ಸುಲಭವಾಗಿ ಬಂದಿದ್ದ ಕಣ್ಣೀರು ಈಗ ಎಲ್ಲಿ ಹೋಯಿತೋ ಎಂದು ಗಂಗಾಧರಯ್ಯನವರು ಅಂದುಕೊಂಡರು.

“ನೋಡು ಕೋಕಿಲಾ. ನಿನ್ನನ್ನ ನಂಬಿ ನಾನು ಈ ವಾರ ಊರೆಲ್ಲಾ ಅಲೆದೆ. ಈ ಹಾಳೆ ಹೀಗೇ ಕೋರ್ಟಿಗೆ ಹೋದ್ರೆ, ಸರ್ಕಾರಿ ವಕೀಲ ಆ ಅಡಿಗೆ ಹೆಂಗಸನ್ನ ಕರೆಸಿದ ದಿನ ನಿನ್ನ ತಮ್ಮನ ಕತೆ ಮುಗೀತು. ಔಷಧ ಕುಡೀದೇ ಕುಡಿದ ಹಾಗೆ ನಾಟಕ ಆಡಿದವನು ಅಂದ್ರೆ ಮೊದಲೇ ಯೋಚನೆ ಮಾಡಿ ಕೊಂದವನು ಅಂತಾರೆ. ಆಮೇಲೆ ಆ ದೇವರೇ ಬಂದರೂ ಬಿಡಿಸಕ್ಕಾಗಲ್ಲ.”

“ನಾಣಿ ಏನೂ ಮಾಡಿಲ್ಲ ಸಾರ್!” ಮಾತು ತಡೆಯಲಾರದೆ ಹೊರಬಿತ್ತು. “ನಾಣಿ ತಾರಸಿ ಮೇಲೆ ಇರಲೇ ಇಲ್ಲ!”

“ಏನಂದೆ?”

ಕೋಕಿಲಾ ಗೋಡೆಗೊರಗಿ ಕೆಳಗೆ ಕುಸಿದು ಕೂತಳು. ಸೆರಗನ್ನು ಬೆರಳಿಗೆ ಸುತ್ತುತ್ತಾ ಹೇಳತೊಡಗಿದಳು.

“ಅವನಿಗೆ ಬೆಳಿಗ್ಗೆಯಿಂದ ಹೊಟ್ಟೆ ತೊಳಸ್ತಾ ಇತ್ತು. ಪಾನಕ ಬೇಡ ಅಂದ. ಕೃಷ್ಣಪ್ಪ ‘ಚೆಲ್ಲೋದ್ಯಾಕೆ, ಕೊಡು ಗುರು’ ಅಂತ ಅವನ ಲೋಟಾನೂ ಎತ್ಕೊಂಡು ಕುಡಿದುಬಿಟ್ರು. ನಾಣಿ ಮುಂದಿನ ಕೋಣೇಲಿ ಮಲಗಿದ್ದ. ಸದ್ದು ಕೇಳಿ ಮೇಲೆ ಓಡಿ ಬಂದ. ನನ್ನನ್ನ ನೋಡಿದ, ಕೆಳಗೆ ಬಗ್ಗಿ ನೋಡಿದ. ‘ಅಕ್ಕಾ, ನೀನು ಇಲ್ಲಿರಲಿಲ್ಲ. ಇದ್ದೋನು ನಾನು. ನನಗೆ ಔಷಧ ಬಂದಿತ್ತು ಅಂತೀನಿ, ಬುದ್ಧಿ ಇಲ್ಲದವನನ್ನ ನೇಣು ಹಾಕಲ್ಲ’ ಅಂದ. ನಾನು ಬೇಡ ಕಣೋ ಅಂತ ಕೈ ಹಿಡ್ಕೊಂಡೆ ಸಾರ್. ಕೈ ಬಿಡಿಸ್ಕೊಂಡು ಇಳಿದುಹೋದ.”

“ಕವರಿನಲ್ಲೂ ಅವನ ಹೆಸರೇ ಬಂತು.”

“ಹೌದು. ದೇವರೇ ಕೈ ಹಿಡಿದ ಅಂದ್ಕೊಂಡೆ. ಇನ್ಸ್‌ಪೆಕ್ಟ್ರು ಹಿತ್ತಲಿಗೆ ಹೋದಾಗ ಎರಡು ಹಾಳೆ ಹೊಸದಾಗಿ ಬರೆದೆ. ನಾಣಿಗೆ ಎಲ್ಲಿ ಹೌದು ಹಾಕಬೇಕು, ಎಲ್ಲಿ ಇಲ್ಲ ಅನ್ನಬೇಕು ಅಂತ ನನಗೆ ಗೊತ್ತಿತ್ತು. ಕೃಷ್ಣಪ್ಪನ ನಿಜವಾದ ಹಾಳೇನ ಮನೆಗೆ ತಂದು ಒಲೆಗೆ ಹಾಕಿದೆ.”

ಅಬ್ಬಾ! ಗಂಗಾಧರಯ್ಯನವರು ನಶ್ಯದ ಡಬ್ಬಿ ತೆಗೆದರು. ಒಂದು ಚಿಟಿಕೆ ಏರಿಸಿದರು. ಸೀನು ಬರಲಿಲ್ಲ.

“ಹಾಗಾದ್ರೆ ತಾರಸಿ ಮೇಲೆ ಅವನ ಜೊತೆ ಇದ್ದೋಳು ನೀನು.”

“ಹೌದು ಸಾರ್.”

“ತಳ್ಳಿದೆಯಾ?”

“ನಾನು ಅವರನ್ನ ಮುಟ್ಟಲೂ ಇಲ್ಲ.”

“ಮುಟ್ಟದೇ ಇದ್ದೋಳಿಗೆ ಹೆದರಿಕೆ ಯಾಕಮ್ಮ? ಇದ್ದದ್ದು ಇದ್ದ ಹಾಗೆ ಹೇಳಬಹುದಿತ್ತಲ್ಲ? ತಮ್ಮನ್ನ ಒಳಗೆ ಕೂರಿಸಿ ಸುಳ್ಳು ಹಾಳೆ ಯಾಕೆ ಬರೀತಿದ್ದೆ?”

ಕೋಕಿಲಾ ತಲೆ ತಗ್ಗಿಸಿದಳು. ಬೆರಳಿಗೆ ಸುತ್ತಿದ ಸೆರಗು ಬಿಗಿಯಾಗಿ ತುದಿ ಕೆಂಪಾಗಿತ್ತು.

“ಪ್ರಶ್ನೆ ಕೇಳೋದು ಕೆಳಗಿನ ಕೋಣೇಲಿ ಅಲ್ವೇ? ತಾರಸಿಗೆ ಯಾಕೆ ಕರ್ಕೊಂಡು ಹೋದೆ?”

“ಡಾಕ್ಟ್ರು ಹೇಳಿದ್ರು.”

“ಡಾಕ್ಟ್ರು ರೂಮಿನಲ್ಲಿ ಬಾಗಿಲು ಹಾಕ್ಕೊಂಡಿದ್ರು.”

“ಹಾಗಂತ ಅವರು ಹೇಳಿದ್ರಾ?” ಕೋಕಿಲಾ ತಲೆಯೆತ್ತಿದಳು. ಮೊದಲ ಬಾರಿಗೆ ಅವಳ ದನಿಯಲ್ಲಿ ಸಿಟ್ಟಿತ್ತು. “ಕೃಷ್ಣಪ್ಪ ನಾಣಿ ಲೋಟ ಎತ್ತಿದಾಗ ಡಾಕ್ಟ್ರು ಬಾಗಿಲಲ್ಲೇ ನಿಂತಿದ್ರು ಸಾರ್. ನೋಡಿದ್ರು. ಬೇಡ ಅನ್ನಲಿಲ್ಲ, ಸುಮ್ಮನೆ ನೋಡ್ತಾ ನಿಂತಿದ್ರು. ಆಮೇಲೆ ಒಂದು ಗಂಟೆ ಬಿಟ್ಟು ನನ್ನನ್ನ ಕರೆದು, ‘ಇವತ್ತು ಇವರನ್ನ ಮೇಲೆ ಗಾಳಿಗೆ ಕರ್ಕೊಂಡು ಹೋಗಿ ಕೇಳು. ನಲವತ್ತೂ ಮುಗಿದ ಮೇಲೆ ಇನ್ನೊಂದು ಕೇಳು’ ಅಂದ್ರು.”

“ಇನ್ನೊಂದು ಎಲ್ಲಿದೆ? ಹಾಳೇಲಿ ಇರೋದು ನಲವತ್ತೇ.”

“ಹಾಳೇಲಿ ಇಲ್ಲ. ಬಾಯಲ್ಲಿ ಹೇಳಿದ್ದು.”

“ಏನು ಪ್ರಶ್ನೆ?”

ಪಕ್ಕದ ಮನೆಯಲ್ಲಿ ಯಾರೋ ಬಟ್ಟೆ ಒಗೆಯುತ್ತಿದ್ದರು. ಕಲ್ಲಿಗೆ ಬಡಿಯುವ ಸದ್ದು ಒಂದೇ ಸಮನೆ ಬರುತ್ತಿತ್ತು.

“‘ಇಲ್ಲಿಂದ ಕಾಲು ಆಚೆಗಿಟ್ಟರೆ ಗಾಳಿ ನಿಮ್ಮನ್ನು ಹೊರುತ್ತದೆ ಅನ್ನಿಸುತ್ತಿದೆಯೇ?’” ವರ್ಷದಿಂದ ಹಾಳೆ ಓದಿದ ಅಭ್ಯಾಸವೋ ಏನೋ, ಒಂದು ಅಕ್ಷರವೂ ತಡವರಿಸದೆ ಓದುವ ದನಿಯಲ್ಲೇ ಹೇಳಿದಳು.

ಗಂಗಾಧರಯ್ಯನವರು ನಶ್ಯದ ಡಬ್ಬಿ ಮುಚ್ಚಿ ಕೆಳಗಿಟ್ಟರು.

“ಕೇಳಿದೆಯಾ?”

“ಕೇಳಿದೆ. ಅದು ನನ್ನ ಕೆಲಸ ಸಾರ್. ಒಂದಾದ ಮೇಲೊಂದು ಕೇಳ್ತಾ ಹೋಗೋದು, ಬರ್ಕೊಳ್ಳೋದು. ಅರ್ಥ ಏನು ಅಂತ ಯೋಚನೆ ಮಾಡೋದನ್ನೇ ಬಿಟ್ಟುಬಿಟ್ಟಿದ್ದೆ.”

“ಅವನೇನಂದ?”

“ಹೌದು ಅಂದ್ರು. ನಗ್ತಾ ಅಂದ್ರು. ನಾನು ಬರ್ಕೊಳ್ಳೋಕೆ ತಲೆ ಬಗ್ಗಿಸಿದೆ. ತಲೆ ಎತ್ತಿದಾಗ ಅವರು ಅಲ್ಲಿರಲಿಲ್ಲ.”

ಈಗ ಬಂತು ಅಳು. ಬಾಯಿಗೆ ಸೆರಗು ತುರುಕಿಕೊಂಡು, ಸದ್ದು ಹೊರಗೆ ಹೋಗದಂತೆ ಅತ್ತಳು. ಗಂಗಾಧರಯ್ಯನವರ ಕೈ ಅವಳ ತಲೆಯ ಕಡೆ ಹೊರಟಿತು, ಅರ್ಧದಲ್ಲೇ ನಿಂತಿತು. ಹೆಣ್ಣುಮಗಳ ಅಳುವಿಗೆ ಕರಗಿ ಒಂದು ಸಲ ಮೋಸಹೋಗಿಯಾಗಿತ್ತು. ಈ ಅಳು ನಿಜವೇ? ನಿಜವಾಗಿದ್ದರೆ ಮೇಲ್ಮಹಡಿಯಲ್ಲಿ ಕನ್ನಡಕ ಒರೆಸುತ್ತ ಕೂತಿರುವ ಮನುಷ್ಯ, ಇನ್ನು ಬರುವುದಿಲ್ಲ ಎಂದವನ ಮೇಲೆ ಕೊನೆಯದೊಂದು ಪರೀಕ್ಷೆ ನಡೆಸಲು ಹೋಗಿ, ಒಂದೇ ಒಂದು ಮಾತಿನಿಂದ ಅವನನ್ನು ಕೊಂದಿದ್ದಾನೆ, ಅದೂ ಇನ್ನೊಬ್ಬಳ ಬಾಯಿಂದ ಆಡಿಸಿ. ಸುಳ್ಳಾಗಿದ್ದರೆ ಆ ಪ್ರಶ್ನೆಯನ್ನು ಕಟ್ಟಿದವಳು ಈಗ ಕಾಲ ಬಳಿ ಕೂತು ಅಳುತ್ತಿದ್ದಾಳೆ.

ಯಾರು ಕಟ್ಟಿದರೂ ಕೇಳಿದವಳು ಇವಳೇ. ನಾಣಿಯನ್ನು ಬಿಡಿಸಬೇಕಾದರೆ ಇವಳು ಕೋರ್ಟಿನಲ್ಲಿ ನಿಂತು ಇದೇ ಮಾತು ಹೇಳಬೇಕು. ಹೇಳಿದ ಗಳಿಗೆಯೇ ತಮ್ಮ ಹೊರಗೆ, ಅಕ್ಕ ಒಳಗೆ.

“ಕೋಕಿಲಾ, ಕಣ್ಣೊರೆಸ್ಕೋ. ಇದೊಂದಕ್ಕೆ ಸರಿಯಾಗಿ ಉತ್ತರ ಹೇಳು. ನಿಮ್ಮಿಬ್ಬರ ಪ್ರಾಣ ಇದರ ಮೇಲೇ ನಿಂತಿದೆ. ಈ ಪ್ರಶ್ನೆ ಕೇಳು ಅಂತ ಡಾಕ್ಟ್ರು ನಿನಗೆ ಹೇಳಿದ್ದನ್ನ ಬೇರೆ ಯಾರಾದ್ರೂ ಕೇಳಿಸ್ಕೊಂಡಿದಾರಾ? ವೆಂಕಟಲಕ್ಷ್ಮಮ್ಮ? ಬೋರಮ್ಮ? ನಾಣಿ?”

ಅವಳು ಇಲ್ಲವೆಂದು ತಲೆಯಾಡಿಸುತ್ತ ಹೋದಳು. ಆಮೇಲೆ ತಲೆಯಾಡಿಸುವುದು ನಿಂತಿತು.

“ಒಬ್ಬರಿದ್ರು ಸಾರ್. ಡಾಕ್ಟ್ರು ಅವರ ಭುಜದ ಮೇಲೆ ಕೈಯಿಟ್ಕೊಂಡೇ ನನಗೆ ಹೇಳಿದ್ದು.”

“ಯಾರಮ್ಮ ಅದು?”

“ಕೃಷ್ಣಪ್ಪ.”